ರಾತ್ರಿ ಪಾಳಿಗೆ ಲ್ಯಾಪ್‌ಟಾಪ್ ಬೇಕೆ?

ಪಿಎಲ್‌ಸಿ ಪ್ರೋಗ್ರಾಮಿಂಗ್‌ಗೆ ದುಡ್ಡು ಸುರಿದು ಒಂದು ಸಾಫ್ಟ್‌ವೇರ್ ಕೊಂಡಾಗಿದೆ. ನೆಟ್‌ವರ್ಕ್ ಕಾನ್ಫಿಗರೇಶನ್‌ಗೆಂದು ಇನ್ನೊಂದನ್ನು ಯಾಕೆ ಕೊಳ್ಳಬೇಕು? ಪುಣೆಯ ಭೋಸರಿ, ಚಾಕಣದ ಕಾರ್ಖಾನೆಗಳಲ್ಲಿ ಹೊಸ ಲೈನ್ ಹಾಕುವಾಗ ಖರೀದಿ ವಿಭಾಗದವರು ಕೇಳುವ ನ್ಯಾಯವಾದ ಪ್ರಶ್ನೆ ಇದು. ಕೆಲವು ನೆಟ್‌ವರ್ಕ್‌ಗಳಿಗೆ ಬೇಕೇಬೇಕು, ಕೆಲವಕ್ಕೆ ಖಂಡಿತ ಬೇಡ. ಯಾವ್ಯಾವ ಉಪಕರಣಗಳಿವೆ, ಯಾವುದು ಎಷ್ಟು ಬೈಟ್ ಡೇಟಾ ಕೊಡುತ್ತದೆ ಎಂಬ ಪಟ್ಟಿ ಎಲ್ಲಿ ಕೂತಿದೆ ಎಂದು ನೋಡಿದರೆ ಸಾಕು, ಉತ್ತರ ಸಿಗುತ್ತದೆ.

1979ರಲ್ಲಿ ಮೋಡಿಕಾನ್ ತಂದ ಮಾಡ್‌ಬಸ್‌ನಲ್ಲಿ ಪ್ರತ್ಯೇಕವಾಗಿ ಇಡುವ ಪಟ್ಟಿಯೇ ಇಲ್ಲ. ಎನರ್ಜಿ ಮೀಟರ್‌ಗೆ 1ರಿಂದ 247ರೊಳಗೆ ಒಂದು ಅಡ್ರೆಸ್, ಜೊತೆಗೆ ಬಾಡ್ ರೇಟ್, ಪ್ಯಾರಿಟಿ. ಇಷ್ಟನ್ನು ಎಷ್ಟೋ ಮೀಟರ್‌ಗಳಲ್ಲಿ ಮುಂಭಾಗದ ಬಟನ್ ಒತ್ತಿಯೇ ಮುಗಿಸಬಹುದು. ಮಿಕ್ಕಿದ್ದು ಪಿಎಲ್‌ಸಿ ಪ್ರೋಗ್ರಾಮಿನ ಕೆಲಸ.

ಅಲೆನ್-ಬ್ರ್ಯಾಡ್ಲಿಯವರು 1994ರಲ್ಲಿ ತಂದ ಡಿವೈಸ್‌ನೆಟ್ ಇದಕ್ಕೆ ತದ್ವಿರುದ್ಧ. ಅದರ ಪಟ್ಟಿ, ಅಂದರೆ ಸ್ಕ್ಯಾನ್‌ಲಿಸ್ಟ್, ಸ್ಕ್ಯಾನರ್ ಮಾಡ್ಯೂಲ್‌ನಲ್ಲಿರುತ್ತದೆ. ಕಂಟ್ರೋಲ್‌ಲಾಜಿಕ್ಸ್ ಪ್ರೋಗ್ರಾಂ ಬರೆಯುವ ಆರ್‌ಎಸ್‌ಲಾಜಿಕ್ಸ್ ಕೈಯಲ್ಲಿದ್ದರೂ ಆ ಪಟ್ಟಿ ತುಂಬಲು ಆರ್‌ಎಸ್‌ನೆಟ್‌ವರ್ಕ್ಸ್ ಎಂಬ ಬೇರೆ ಸಾಫ್ಟ್‌ವೇರೇ ಆಗಬೇಕು. ಕಂಟ್ರೋಲ್‌ನೆಟ್ ಇನ್ನೂ ಕಟ್ಟುನಿಟ್ಟು. ಯಾವ ನೋಡ್ ಯಾವ ಮಿಲಿಸೆಕೆಂಡಿನಲ್ಲಿ ಮಾತಾಡಬೇಕು ಎಂಬ ವೇಳಾಪಟ್ಟಿಯನ್ನೇ ಅಲ್ಲಿ ಮೊದಲು ಕಟ್ಟಬೇಕು. ಇಂಥ ಹಳೆಯ ಲೈನ್ ಇನ್ನೂ ಓಡಿಸುತ್ತಿರುವವರು ಆ ಲೈಸೆನ್ಸ್ ಕೈಬಿಡುವುದು ಬುದ್ಧಿವಂತಿಕೆಯಲ್ಲ.

ಪ್ರೊಫಿಬಸ್‌ದು ನಡುವಿನ ಕಥೆ. ಸೀಮೆನ್ಸ್ ಎಸ್5 ಕಾಲದಲ್ಲಿ ಅದಕ್ಕೆ ಕಾಮ್ ಪ್ರೊಫಿಬಸ್ ಎಂಬ ಪ್ರತ್ಯೇಕ ಸಾಫ್ಟ್‌ವೇರ್ ಇತ್ತು. ಸ್ಟೆಪ್ 7 ಬಂದ ಮೇಲೆ ಆ ಕೆಲಸವನ್ನು ಅದರೊಳಗಿನ ಹಾರ್ಡ್‌ವೇರ್ ಕಾನ್ಫಿಗ್ ವಹಿಸಿಕೊಂಡಿತು. ಉಪಕರಣ ತಯಾರಿಸಿದವರು ಕೊಟ್ಟ ಜಿಎಸ್‌ಡಿ ಫೈಲ್ ಸೇರಿಸಿ, ಕ್ಯಾಟಲಾಗ್‌ನಿಂದ ಎಳೆದು ಬಸ್ ಮೇಲೆ ಕೂರಿಸಿದರೆ ಆಯಿತು. ಈಥರ್ನೆಟ್ ಯುಗದಲ್ಲಿ ಇದೇ ರೂಢಿ. ಪ್ರೊಫಿನೆಟ್ ಆದರೆ ಟಿಐಎ ಪೋರ್ಟಲ್‌ನಲ್ಲಿ, ಈಥರ್ನೆಟ್/ಐಪಿ ಆದರೆ ಸ್ಟುಡಿಯೋ 5000ರ ಐ/ಓ ಟ್ರೀಯಲ್ಲಿ, ಈಥರ್‌ಕ್ಯಾಟ್ ಆದರೆ ಟ್ವಿನ್‌ಕ್ಯಾಟ್‌ನಲ್ಲಿ ಎಲ್ಲವೂ ಒಂದೇ ಪ್ರಾಜೆಕ್ಟ್ ಫೈಲ್. ಬೆಕ್‌ಹಾಫ್ ಮತ್ತು ಬಿ ಆ್ಯಂಡ್ ಆರ್ ಕಂಪನಿಗಳೆರಡರ ಭಾರತದ ಮುಖ್ಯ ಕಚೇರಿಗಳೂ ಪುಣೆಯಲ್ಲೇ ಇವೆ. ಎರಡೂ ಈ ಒಂದೇ ಸಾಫ್ಟ್‌ವೇರಿನ ಪಂಥದವು.

ಹಾಗಾದರೆ ವ್ಯಾಜ್ಯ ಮುಗಿಯಿತೆ? ಇಲ್ಲ. ಕೊಳ್ಳುವಾಗ ಕಾಣದ ಅಸಲು ಪರೀಕ್ಷೆ ರಾತ್ರಿ ಪಾಳಿಯಲ್ಲಿ ಕಾದಿರುತ್ತದೆ. ಡಿವೈಸ್‌ನೆಟ್ ಲೈನಿನಲ್ಲಿ ಅಡ್ರೆಸ್ 5ರ ಸೆನ್ಸರ್ ಬ್ಲಾಕ್ ಸುಟ್ಟಿತು ಅನ್ನಿ. ಸ್ಕ್ಯಾನರಿನ ಪುಟ್ಟ ಡಿಸ್‌ಪ್ಲೇ 5 ಎಂದೂ 78 ಎಂದೂ ತೋರಿಸುತ್ತದೆ: ಆ ನೋಡ್ ಉತ್ತರ ಕೊಡುತ್ತಿಲ್ಲ. ಸ್ಟೋರಿನಿಂದ ಹೊಸ ಬ್ಲಾಕ್ ತಂದು ಹಾಕಿದರೂ 78 ಹೋಗುವುದಿಲ್ಲ, ಯಾಕೆಂದರೆ ಪೆಟ್ಟಿಗೆಯಿಂದ ಬಂದ ಉಪಕರಣದ ಅಡ್ರೆಸ್ ಸಾಮಾನ್ಯವಾಗಿ 63. ಅಡ್ರೆಸ್ ಸರಿಪಡಿಸಿದ ಮೇಲೂ ಮಾಡೆಲ್ ಬೇರೆಯಾಗಿದ್ದರೆ 73 ಬರುತ್ತದೆ: ಬಂದಿರುವವನು ಪಟ್ಟಿಯಲ್ಲಿರುವವನಲ್ಲ. ಪ್ರೊಫಿನೆಟ್‌ನಲ್ಲೂ ಇದೇ ಪಾಡು. ಹೊಸ ಉಪಕರಣಕ್ಕೆ ಹೆಸರೇ ಇರುವುದಿಲ್ಲ, ಹೆಸರಿಲ್ಲದವನನ್ನು ಕಂಟ್ರೋಲರ್ ಮಾತಾಡಿಸುವುದಿಲ್ಲ. ಇದನ್ನು ಸರಿಪಡಿಸಬಲ್ಲ, ಲೈಸೆನ್ಸ್ ಇರುವ ಲ್ಯಾಪ್‌ಟಾಪ್ ಇಂಜಿನಿಯರ್ ಜೊತೆ ಮನೆಗೆ ಹೋಗಿದೆ. ಬೆಳಗಾವಿಯಿಂದಲೋ ವಿಜಯಪುರದಿಂದಲೋ ಬಂದ ನಮ್ಮ ಹುಡುಗ ಸ್ಕ್ರೂಡ್ರೈವರ್ ಹಿಡಿದು ಪ್ಯಾನೆಲ್ ಮುಂದೆ ನಿಂತಿರುತ್ತಾನೆ.

ಈ ಫಜೀತಿಗೆ ಎರಡೂ ಕಡೆ ಮದ್ದಿದೆ. ಡಿವೈಸ್‌ನೆಟ್‌ನಲ್ಲಿ ಎಡಿಆರ್ ಎಂಬ ಸೌಲಭ್ಯವನ್ನು ಮೊದಲೇ ಚಾಲೂ ಮಾಡಿಟ್ಟರೆ, ಅದಕ್ಕೆ ಒಗ್ಗುವ ಉಪಕರಣಗಳ ಮಟ್ಟಿಗೆ, ಸ್ಕ್ಯಾನರೇ ಹೊಸಬನಿಗೆ ಹಳೆಯ ಅಡ್ರೆಸ್ ಕೊಟ್ಟು ಸೆಟ್ಟಿಂಗ್ ತುಂಬುತ್ತದೆ. ಪ್ರೊಫಿನೆಟ್‌ನಲ್ಲಿ ಯಾವ ಪೋರ್ಟಿಗೆ ಯಾವುದು ಸೇರಿದೆ ಎಂಬ ಟೊಪಾಲಜಿಯನ್ನು ಪ್ರಾಜೆಕ್ಟಿನಲ್ಲಿ ಬಿಡಿಸಿಟ್ಟಿದ್ದರೆ, ಕಂಟ್ರೋಲರ್ ಅಕ್ಕಪಕ್ಕದವರನ್ನು ನೋಡಿ ಹೊಸಬನಿಗೆ ತಾನೇ ಹೆಸರಿಡುತ್ತದೆ. ಐಓ-ಲಿಂಕ್ ಮಾಸ್ಟರ್ ಕೂಡ ಸೆನ್ಸರಿನ ಪ್ಯಾರಾಮೀಟರ್‌ಗಳನ್ನು ಕಾದಿಟ್ಟು ಹೊಸ ಸೆನ್ಸರಿಗೆ ಇಳಿಸಬಲ್ಲದು. ಆದರೆ ಇವನ್ನೆಲ್ಲ ಕಮಿಷನಿಂಗ್ ದಿನವೇ ಮಾಡಿಡಬೇಕು. ಡಿಸ್‌ಪ್ಯಾಚ್ ಅವಸರದಲ್ಲಿ ಮಷಿನ್ ತಯಾರಕರು ಬಿಟ್ಟುಬಿಡುವುದೂ ಇದನ್ನೇ.

ಆದ್ದರಿಂದ ನನ್ನ ಮತ: ಹೊಸ ಲೈನಿಗೆ ಒಂದೇ ಪ್ರಾಜೆಕ್ಟ್ ಫೈಲಿನಲ್ಲಿ ಎಲ್ಲ ಅಡಗುವ ನೆಟ್‌ವರ್ಕ್ ಆರಿಸಿ, ಪ್ರತ್ಯೇಕ ಕಾನ್ಫಿಗರೇಶನ್ ಸಾಫ್ಟ್‌ವೇರ್ ತಗಲಿಸಿಕೊಳ್ಳಬೇಡಿ. ಡ್ರೈವ್‌ಗಳ ಪ್ಯಾರಾಮೀಟರ್‌ಗೆ ಬೇರೆ ಸಾಫ್ಟ್‌ವೇರ್ ಬೇಕಾದೀತು, ಅದು ಬೇರೆ ಲೆಕ್ಕ. ಪತ್ತೆ ಹಚ್ಚುವ ಸಲಕರಣೆ ಮಾತ್ರ ಪ್ರತ್ಯೇಕವಾಗಿ ಇರಲಿ. ಪ್ರಾಜೆಕ್ಟ್ ಫೈಲ್ ಇಲ್ಲದೆಯೂ ನೆಟ್‌ವರ್ಕಿನಲ್ಲಿ ಯಾರಿದ್ದಾರೆ ಎಂದು ತೋರಿಸುವ ಸೀಮೆನ್ಸ್‌ನ ಪ್ರೊನೆಟಾದಂಥವು ಉಚಿತವಾಗಿಯೇ ಸಿಗುತ್ತವೆ. ಪ್ರಾಜೆಕ್ಟ್ ಫೈಲನ್ನೂ ಜಿಎಸ್‌ಡಿ ಫೈಲುಗಳನ್ನೂ ಮಷಿನ್ ಜೊತೆಗೇ ಕೇಳಿ ಪಡೆಯಿರಿ.

ಮಷಿನ್ ಒಪ್ಪಿಕೊಳ್ಳಲು ತಯಾರಕರ ಶೆಡ್ಡಿಗೆ ಹೋದಾಗ ಒಂದು ಸೆನ್ಸರ್ ಬ್ಲಾಕನ್ನು ಬಿಚ್ಚಿಸಿ, ಪೆಟ್ಟಿಗೆಯಿಂದ ತೆಗೆದ ಹೊಸದನ್ನು ಹಾಕಿಸಿ. ಯಾರೂ ಲ್ಯಾಪ್‌ಟಾಪ್ ಮುಟ್ಟಕೂಡದು. ಮಷಿನ್ ಓಡಿದರೆ ಕೊನೆಯ ಕಂತು ಕೊಡಿ. ಓಡದಿದ್ದರೆ ಓಡುವವರೆಗೆ ತಡೆಹಿಡಿಯಿರಿ.