ಕುಚ್ಚಲಕ್ಕಿಯ ಗಂಜಿ, ಕಾಳುಮೆಣಸಿನ ಸಾರು: ಒಂದು ಅಡುಗೆಕ್ರಮದ ವಿಮರ್ಶೆ

ಕರಾವಳಿ ಕರ್ನಾಟಕದಲ್ಲಿ ಕುಚ್ಚಲಕ್ಕಿಯ ಗಂಜಿಯೂ ಕಾಳುಮೆಣಸಿನ ಸಾರೂ ಬಹುಕಾಲದಿಂದ ಮನೆಯೂಟದ ಜೋಡಿಯಾಗಿ ಬಂದಿವೆ. ರಾಜ್ಯದ ದೊಡ್ಡ ನಗರಗಳಲ್ಲಾದರೆ ತೌಡುಳ್ಳ ಅಕ್ಕಿಯು ‘ಬ್ರೌನ್ ರೈಸ್’ ಎಂಬ ಹೆಸರಿನಲ್ಲಿಯೂ, ಕಾಳುಮೆಣಸು ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವ ಮದ್ದೆಂಬ ಹೆಸರಿನಲ್ಲಿಯೂ ಇತ್ತೀಚಿನ ವರ್ಷಗಳಲ್ಲಿ ಅಡುಗೆಮನೆಯನ್ನು ಹೊಸದಾಗಿ ಸೇರಿವೆ. ಪದಾರ್ಥಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆದರೂ ಅಡುಗೆಯ ಕ್ರಮ ಒಂದೇ ಅಲ್ಲ. ಕರಾವಳಿಯ ಕ್ರಮವು ಆ ಅಕ್ಕಿಯ ಸ್ವಭಾವಕ್ಕೆ ತಕ್ಕಂತೆ ನೀರು, ಸಮಯ, ನೆಂಚಿಕೊಳ್ಳುವ ಪದಾರ್ಥ ಇವೆಲ್ಲವನ್ನೂ ಹೊಂದಿಸಿಕೊಂಡು ರೂಪುಗೊಂಡಿದ್ದರೆ, ನಗರದ ಕ್ರಮವು ಬಿಳಿ ಅಕ್ಕಿಗೆಂದೇ ಹುಟ್ಟಿದ ಪಲಾವ್, ಚಿತ್ರಾನ್ನ, ಬಿಸಿಬೇಳೆ ಬಾತುಗಳಲ್ಲಿ ಅಕ್ಕಿಯೊಂದನ್ನು ಬದಲಿಸಿ ಉಳಿದುದನ್ನೆಲ್ಲ ಹಾಗೆಯೇ ಇಟ್ಟುಕೊಂಡಿದೆ. ತೌಡುಳ್ಳ ಅಕ್ಕಿಯನ್ನು ಉತ್ಸಾಹದಿಂದ ತಂದ ಮನೆಗಳು ಕೆಲವೇ ದಿನಗಳಲ್ಲಿ ಅದನ್ನು ಕೈಬಿಡುವುದಿದ್ದರೆ ಅದರ ದೋಷವನ್ನು ಅಕ್ಕಿಯಲ್ಲಿ ಹುಡುಕುವುದಕ್ಕಿಂತ ಈ ಬದಲಿ ಬುದ್ಧಿಯಲ್ಲಿ ಹುಡುಕುವುದು ಹೆಚ್ಚು ಸರಿ.

ಭತ್ತದ ಹೊರಸಿಪ್ಪೆಯಾದ ಉಮಿಯನ್ನು ಮಾತ್ರ ತೆಗೆದರೆ ಉಳಿಯುವುದು ತೌಡುಳ್ಳ ಅಕ್ಕಿ. ಅದರ ಮೇಲೆ ತೆಳುವಾದ ತೌಡಿನ ಪದರಗಳೂ ಒಂದು ತುದಿಯಲ್ಲಿ ಮೊಳಕೆಯ ಕಣ್ಣೂ ಇರುತ್ತವೆ. ಗಿರಣಿಯಲ್ಲಿ ಪಾಲಿಶ್ ಮಾಡಿದಾಗ ಅಕ್ಕಿಯ ತೂಕದ ಸುಮಾರು ಹತ್ತನೆಯ ಒಂದು ಭಾಗದಷ್ಟಿರುವ ಇವೆರಡೂ ಹೋಗುತ್ತವೆ, ಅವುಗಳ ಜೊತೆಗೆ ನಾರು, ಎಣ್ಣೆ, ಖನಿಜಗಳು ಮತ್ತು ಬಿ ಗುಂಪಿನ ಜೀವಸತ್ವಗಳ ಬಹುಪಾಲು ಹೋಗುತ್ತದೆ. ಈ ನಷ್ಟದ ಪರಿಣಾಮವನ್ನು ಮೊದಲು ಗುರುತಿಸಿದವರಲ್ಲಿ ಮುಖ್ಯನಾದವನು 1890ರ ದಶಕದಲ್ಲಿ ಜಾವಾ ದ್ವೀಪದ ಬಟಾವಿಯಾದಲ್ಲಿದ್ದ ಡಚ್ ವೈದ್ಯ ಕ್ರಿಸ್ತಿಯಾನ್ ಐಕ್‌ಮನ್. ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳಿಗೆ ಬೆರಿಬೆರಿಯನ್ನು ಹೋಲುವ ನರರೋಗ ಬರುವುದನ್ನೂ, ತೌಡುಳ್ಳ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಳ್ಳುವುದನ್ನೂ ಅವನು ಕಂಡುಕೊಂಡನು, ಆ ಕೆಲಸಕ್ಕಾಗಿ 1929ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲುದಾರನಾದನು. ಕುಚ್ಚಲಕ್ಕಿಯ ದೃಷ್ಟಿಯಿಂದ ಇನ್ನೂ ಮಹತ್ವದ್ದು ವಿಲಿಯಂ ಫ್ಲೆಚರ್ 1907ರಲ್ಲಿ ಪ್ರಕಟಿಸಿದ ಪ್ರಯೋಗ. ಕ್ವಾಲಾಲಂಪುರದ ಮನೋರೋಗಿಗಳ ಆಸ್ಪತ್ರೆಯೊಂದರಲ್ಲಿ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿ, ಅಂದರೆ ಬೇಯಿಸದ ಭತ್ತದಿಂದ ತೆಗೆದ ಬಿಳಿ ಅಕ್ಕಿ, ಉಂಡವರಲ್ಲಿ ಬೆರಿಬೆರಿ ಹರಡಿದರೆ, ಕುಚ್ಚಲಕ್ಕಿ ಉಂಡವರು ಅದರಿಂದ ಪಾರಾದರು. ಭತ್ತವನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕುವುದು ಕುಚ್ಚುವ ಕ್ರಮ. ಈ ಹಂತಗಳಲ್ಲಿ ತೌಡಿನ ಥಯಾಮಿನ್ ಎಂಬ ಜೀವಸತ್ವವು ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುವುದರಿಂದ, ಮುಂದೆ ಪಾಲಿಶ್ ಮಾಡಿದರೂ ಅದರ ಒಂದು ಭಾಗ ಒಳಗೇ ಉಳಿಯುತ್ತದೆ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಅಗತ್ಯ. ಕುಚ್ಚುವುದು ಬೇರೆ, ಪಾಲಿಶ್ ಮಾಡದಿರುವುದು ಬೇರೆ. ಅಂಗಡಿಯ ಕುಚ್ಚಲಕ್ಕಿಯಲ್ಲಿ ಚೆನ್ನಾಗಿ ಪಾಲಿಶ್ ಆದದ್ದೂ ಇರುತ್ತದೆ, ‘ಬ್ರೌನ್ ರೈಸ್’ ಪೊಟ್ಟಣದಲ್ಲಿ ಕುಚ್ಚದ ಅಕ್ಕಿಯೂ ಇರುತ್ತದೆ. ಬಣ್ಣವನ್ನು ನೋಡಿ ತೀರ್ಮಾನಿಸುವುದೂ ಸಾಲದು, ಏಕೆಂದರೆ ಕೇರಳದ ಮಂಕೊಂಬು ಭತ್ತ ಸಂಶೋಧನಾ ಕೇಂದ್ರದಿಂದ ಬಂದು ದಕ್ಷಿಣ ಕನ್ನಡ, ಉಡುಪಿಗಳ ಗದ್ದೆಗಳಲ್ಲಿ ನೆಲೆಯೂರಿದ ಎಂ.ಒ. 4ರಂಥ ಕೆಂಪಕ್ಕಿಯ ತಳಿಗಳಲ್ಲಿ ತೌಡು ಅರ್ಧಂಬರ್ಧ ಹೋದ ಮೇಲೂ ಕೆಂಪು ಉಳಿದಿರುತ್ತದೆ. ಹಿಡಿ ಅಕ್ಕಿಯನ್ನು ಅಂಗೈಯಲ್ಲಿ ಹರಡಿ ಬೆಳಕಿಗೆ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ: ತೌಡು ಉಳಿದ ಕಾಳು ಎಲ್ಲ ಕಡೆ ಸಮನಾದ ಬಣ್ಣದಿಂದ ಮಂಕಾಗಿ ಕಾಣುತ್ತದೆ, ಅದರ ತುದಿಯಲ್ಲಿ ಮೊಳಕೆಯ ಕಣ್ಣು ತುಂಬಿಕೊಂಡಿರುತ್ತದೆ, ಪಾಲಿಶ್ ತಾಗಿದ ಕಾಳಿನಲ್ಲಿ ಉದ್ದಕ್ಕೆ ಇರುವ ಗೀರುಗಳ ತಗ್ಗಿನಲ್ಲಿ ಮಾತ್ರ ಕೆಂಪು ನಿಂತಿರುತ್ತದೆ, ತುದಿಯಲ್ಲಿ ಕಚ್ಚಿ ತೆಗೆದಂತಹ ಚಿಕ್ಕ ತಗ್ಗು ಕಾಣುತ್ತದೆ. ಕುಚ್ಚದ ತೌಡುಳ್ಳ ಅಕ್ಕಿಯನ್ನು ಕೊಳ್ಳುವವರು ವಾಸನೆಯನ್ನೂ ನೋಡಬೇಕು, ಏಕೆಂದರೆ ತೌಡಿನ ಎಣ್ಣೆ ತಿಂಗಳುಗಳು ಕಳೆದಂತೆ ಕಮಟುತ್ತದೆ. ಕುಚ್ಚುವಾಗಿನ ಶಾಖವು ಈ ಕಮಟಿಗೆ ಕಾರಣವಾಗುವ ಕಿಣ್ವವನ್ನು ತಡೆಯುತ್ತದೆ. ಕುಚ್ಚಲಕ್ಕಿಯು ಕರಾವಳಿಯ ತೇವದ ಹವೆಯಲ್ಲಿಯೂ ಬಾಳಿಕೆ ಬರುವುದಕ್ಕೆ ಇದೂ ಒಂದು ಕಾರಣ.

ಬೇಯಿಸುವ ಕ್ರಮದಲ್ಲಿಯೇ ಈ ಪದ್ಧತಿಯ ನಿಜವಾದ ಬಲವಿದೆ. ಕರಾವಳಿಯ ಮನೆಗಳಲ್ಲಿ ಕುಚ್ಚಲಕ್ಕಿಯನ್ನು ಅಳತೆಯ ನೀರಿನಲ್ಲಿ ಇಂಗಿಸುವುದಿಲ್ಲ; ಪಾತ್ರೆಯ ತುಂಬ ನೀರನ್ನು ಮೊದಲು ಕುದಿಸಿ, ತೊಳೆದ ಅಕ್ಕಿಯನ್ನು ಅದಕ್ಕೆ ಹಾಕಿ, ಒಂದು ಒಳ್ಳೆಯ ಕುದಿ ಬಂದ ಮೇಲೆ ಮುಚ್ಚಿ, ಸಣ್ಣ ಉರಿಯಲ್ಲೋ ಒಲೆಯ ಕೆಂಡದ ಮೇಲೋ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಬಿಡುತ್ತಾರೆ. ಕಾಳು ಅರಳಿ ನಡುವೆ ಸಣ್ಣಗೆ ಸೀಳಿದಾಗ ಅದನ್ನು ಹಾಗೆಯೇ ಗಂಜಿಯಾಗಿ ಉಣ್ಣಬಹುದು, ಇಲ್ಲವೇ ಬಸಿದು ಅನ್ನ ಮಾಡಿಕೊಂಡು ತಿಳಿಯನ್ನು ಬೇರೆಯಾಗಿ ಉಪ್ಪು ಹಾಕಿ ಕುಡಿಯಬಹುದು. ಈಗ ಅನೇಕ ಮನೆಗಳಲ್ಲಿ ಬಳಕೆಯಲ್ಲಿರುವ, ಶಾಖವನ್ನು ಹಿಡಿದಿಡುವ ಥರ್ಮಲ್ ಕುಕ್ಕರ್ ಇದೇ ತತ್ತ್ವದ ಮುಂದುವರಿಕೆ: ಹತ್ತು ನಿಮಿಷ ಕುದಿಸಿದ ಪಾತ್ರೆಯನ್ನು ಅದರೊಳಗಿಟ್ಟರೆ ಉಳಿದ ಬೇಯುವಿಕೆ ಇಂಧನವಿಲ್ಲದೆಯೇ ನಡೆಯುತ್ತದೆ. ಪ್ರೆಶರ್ ಕುಕ್ಕರಿನಲ್ಲಿ ಬಿಳಿ ಅಕ್ಕಿಯ ಅಳತೆಗೆ ನೀರಿಟ್ಟು, ನೆನೆಸದೆ, ಮೂರು ಸೀಟಿಗೆ ಇಳಿಸಿದ ತೌಡುಳ್ಳ ಅಕ್ಕಿಯು ಇದಕ್ಕೆ ತದ್ವಿರುದ್ಧ. ನೀರು ಒಳಹೋಗಲು ತೌಡಿನ ಪದರವೇ ತಡೆಯಾಗುವುದರಿಂದ ಹೊರಗೆ ಅಂಟು, ಒಳಗೆ ಗಟ್ಟಿ ಉಳಿದ ಅನ್ನ ಸಿಗುತ್ತದೆ, ಅದನ್ನು ಉಂಡವರು ಅಕ್ಕಿಯನ್ನೇ ದೂರುತ್ತಾರೆ. ರಾತ್ರಿಯಿಡೀ ನೆನೆಸಿ, ಒಂದು ಅಳತೆಗೆ ಎರಡೂವರೆ ಅಳತೆ ನೀರಿಟ್ಟರೆ ಕುಕ್ಕರಿನಲ್ಲಿಯೂ ಅಡುಗೆ ಕೆಡುವುದಿಲ್ಲ.

ಬಸಿಯುವ ಪದ್ಧತಿಗೆ ಎರಡು ಮುಖಗಳಿವೆ. ನೀರಿನಲ್ಲಿ ಕರಗುವ ಜೀವಸತ್ವಗಳು ತಿಳಿಯೊಡನೆ ಹೋಗುವುದು ಅದರ ದೋಷ. ತಿಳಿಯನ್ನು ಕುಡಿಯುವ ಮನೆಗೆ ಈ ದೋಷ ತಾಗದು, ಚೆಲ್ಲುವ ಮನೆಗೆ ಪೂರ್ತಿ ತಾಗುತ್ತದೆ. ಇನ್ನೊಂದು ಮುಖವೆಂದರೆ, ಮಣ್ಣು ಮತ್ತು ನೀರಿನಿಂದ ಭತ್ತಕ್ಕೆ ಬರುವ ಆರ್ಸೆನಿಕ್ ತೌಡಿನಲ್ಲಿಯೇ ಹೆಚ್ಚು ಸೇರಿಕೊಳ್ಳುವುದರಿಂದ, ತೌಡುಳ್ಳ ಅಕ್ಕಿಯಲ್ಲಿ ಅದರ ಪ್ರಮಾಣ ಬಿಳಿ ಅಕ್ಕಿಗಿಂತ ಹೆಚ್ಚಿರುತ್ತದೆ. ಕುದಿಯುವ ನೀರಿನಲ್ಲಿ ಅಕ್ಕಿಯನ್ನು ಐದು ನಿಮಿಷ ಬೇಯಿಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಇಂಗಿಸಿದರೆ ತೌಡುಳ್ಳ ಅಕ್ಕಿಯ ಆರ್ಸೆನಿಕ್ಕಿನ ಅರ್ಧಕ್ಕಿಂತ ಹೆಚ್ಚು ಭಾಗ ಹೋಗುತ್ತದೆಂದು ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. ಮೊದಲ ಕುದಿಯ ನೀರನ್ನು ಚೆಲ್ಲಿ ನಂತರದ ತಿಳಿಯನ್ನು ಉಳಿಸಿಕೊಳ್ಳುವುದು ಎರಡೂ ಮುಖಗಳನ್ನು ಲೆಕ್ಕಕ್ಕೆ ಹಿಡಿಯುವ ಮಧ್ಯಮ ಮಾರ್ಗ.

ಇಂಥ ಅನ್ನಕ್ಕೆ ಕಾಳುಮೆಣಸಿನ ಸಾರು ಏಕೆ ಒಪ್ಪುತ್ತದೆಂಬುದು ರುಚಿಯ ಪ್ರಶ್ನೆ. ತೌಡುಳ್ಳ ಕಾಳು ದಪ್ಪ, ಅಗಿಯಬೇಕಾದದ್ದು, ಸಣ್ಣಗೆ ಎಣ್ಣೆಯ ಜಿಡ್ಡು ಮತ್ತು ಮಣ್ಣಿನ ಸೊಗಡು ಉಳ್ಳದ್ದು. ಅದರ ಮೇಲೆ ಮತ್ತೆ ದಪ್ಪ ಮಸಾಲೆ, ಎಣ್ಣೆ, ಗೋಡಂಬಿ ಸೇರಿಸಿದ ಪಲಾವು ನಾಲಗೆಗೆ ಭಾರವಾಗುತ್ತದೆ, ಬಾಸುಮತಿಯಂತೆ ಮಸಾಲೆಯ ಪರಿಮಳವನ್ನು ಎತ್ತಿಹಿಡಿಯುವ ಗುಣವೂ ಆ ಕಾಳಿಗಿಲ್ಲ. ಅದಕ್ಕೆ ಬೇಕಾದದ್ದು ತೆಳುವಾದ, ಹುಳಿಯುಳ್ಳ, ಚುರುಕಾದ ರಸ. ನಾಲ್ವರಿಗೆ ಒಂದು ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆಯನ್ನು ಹನಿ ತುಪ್ಪದಲ್ಲಿ ಹುರಿದು, ಆರೇಳು ಎಸಳು ಬೆಳ್ಳುಳ್ಳಿಯೊಡನೆ ತರಿತರಿಯಾಗಿ ಜಜ್ಜಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸಕ್ಕೆ ಉಪ್ಪು, ಚೂರು ಬೆಲ್ಲದೊಡನೆ ಹಾಕಿ, ನೊರೆಯೆದ್ದು ಮೇಲೇರುವ ಹೊತ್ತಿಗೆ ಇಳಿಸಿ, ಕರಿಬೇವಿನ ಒಗ್ಗರಣೆ ಕೊಟ್ಟರೆ ಸಾರು ಸಿದ್ಧ. ನೊರೆಯ ಹೊತ್ತಿಗೆ ಇಳಿಸುವುದರಲ್ಲಿ ಅರ್ಥವಿದೆ: ಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನ್ ಕುದಿಗೆ ಜಗ್ಗುವುದಿಲ್ಲ, ಆದರೆ ಪರಿಮಳ ಕೊಡುವ ಎಣ್ಣೆ ಹಬೆಯೊಡನೆ ಹಾರಿಹೋಗುತ್ತದೆ, ಬಹಳ ಹೊತ್ತು ಕುದಿಸಿದ ಸಾರಿನಲ್ಲಿ ಖಾರವಿದ್ದೂ ಘಮವಿರದು. ತಿಂಗಳುಗಟ್ಟಲೆ ಡಬ್ಬಿಯಲ್ಲಿಟ್ಟ ಮೆಣಸಿನ ಪುಡಿಯ ದೋಷವೂ ಇದೇ. ಕರಾವಳಿ ಮತ್ತು ಮಲೆನಾಡುಗಳ ತಂಬುಳಿ ಇನ್ನೂ ಒಂದು ಹೆಜ್ಜೆ ಮುಂದಿದೆ. ಮೆಣಸು, ಜೀರಿಗೆಯನ್ನು ತುಪ್ಪದಲ್ಲಿ ಹುರಿದು, ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಸೇರಿಸಿ, ತೆಂಗಿನಕಾಯಿಯೊಡನೆ ರುಬ್ಬಿ ಮಜ್ಜಿಗೆಯಲ್ಲಿ ಕದಡುವ ಈ ಪದಾರ್ಥವನ್ನು ಕುದಿಸುವುದೇ ಇಲ್ಲ, ಹಾಗಾಗಿ ಘಮ ಉಳಿಯುತ್ತದೆ, ಸೊಪ್ಪು ಊಟದೊಳಗೆ ಬರುತ್ತದೆ.

ಮೆಣಸಿನ ಔಷಧಗುಣದ ಬಗ್ಗೆ ಕೇಳಿಬರುವ ಮಾತುಗಳನ್ನು ಮಾತ್ರ ತೂಗಿ ಒಪ್ಪಬೇಕಾಗಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆಗೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟಾಗ ರಕ್ತಕ್ಕೆ ಸೇರುವ ಕರ್ಕ್ಯುಮಿನ್ 20 ಪಟ್ಟು ಹೆಚ್ಚಿತೆಂಬುದು ನಿಜ, ಅರಿಸಿನ ಮತ್ತು ಮೆಣಸನ್ನು ಒಟ್ಟಿಗೆ ಹಾಕಬೇಕೆಂಬ ಇಂದಿನ ಉಪದೇಶಕ್ಕೆ ಅದೇ ಆಧಾರ. ಮೆಣಸಿನಲ್ಲಿ ಪೈಪರೀನ್ 5%ರ ಆಸುಪಾಸಿನಲ್ಲಿರುವುದರಿಂದ 20 ಮಿಲಿಗ್ರಾಂ ಸಾರಿನ ಒಂದು ಬಟ್ಟಲಿನಲ್ಲಿಯೇ ಸಿಗಬಹುದು; ಆದರೆ ಅರಿಸಿನದಲ್ಲಿ ಕರ್ಕ್ಯುಮಿನ್ ಸುಮಾರು 3% ಇರುವುದರಿಂದ, 2 ಗ್ರಾಂ ಪಡೆಯಲು 60 ಗ್ರಾಮಿಗೂ ಹೆಚ್ಚು ಅರಿಸಿನ ಬೇಕು. ಚಿಟಿಕೆ ಅರಿಸಿನದ ಸಾರಿಗೆ ಆ ಪ್ರಯೋಗದ ಫಲವನ್ನು ಆರೋಪಿಸುವುದು ಯುಕ್ತವಲ್ಲ. ಇದಕ್ಕಿಂತ ಅಡುಗೆಮನೆಗೆ ಹತ್ತಿರವಾದದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಕೆಲಸ. ತೌಡಿನಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣ, ಸತುವುಗಳನ್ನು ಹಿಡಿದಿಟ್ಟುಕೊಂಡು ಅವು ಕರುಳಿನಲ್ಲಿ ಹೀರಿಕೆಯಾಗದಂತೆ ಮಾಡುತ್ತದೆ, ಹೀಗಾಗಿ ತೌಡುಳ್ಳ ಅಕ್ಕಿಯಲ್ಲಿ ಖನಿಜ ಹೆಚ್ಚಿದ್ದರೂ ದೇಹಕ್ಕೆ ದಕ್ಕುವುದು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಧಾನ್ಯಗಳೊಡನೆ ಬೆಳ್ಳುಳ್ಳಿ, ಈರುಳ್ಳಿ ಸೇರಿದಾಗ ಈ ಖನಿಜಗಳು ಹೆಚ್ಚು ಬಿಡುಗಡೆಯಾಗುತ್ತವೆಂದು ಆ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಂಡರು. ಮೆಣಸಿನ ಸಾರಿನ ಹಿರಿಮೆಯನ್ನು ಹೇಳುವವರು ಅದರೊಳಗಿನ ಜಜ್ಜಿದ ಬೆಳ್ಳುಳ್ಳಿಗೂ ಸಮನಾದ ಗೌರವ ಕೊಡಬೇಕು.

ಇಷ್ಟು ಹೇಳಿದ ಮೇಲೂ ಕರಾವಳಿಯ ಗಂಜಿಯೂಟ ದೋಷಮುಕ್ತವೆನ್ನಲಾಗದು. ದೊಡ್ಡ ಬಟ್ಟಲಿನ ಗಂಜಿ, ಪಕ್ಕಕ್ಕೆ ಉಪ್ಪಿನಕಾಯಿ ಅಥವಾ ಒಣಮೀನಿನ ಚೂರು ಎಂಬ ದಿನದೂಟದಲ್ಲಿ ಉಪ್ಪು ಅತಿಯಾಗುತ್ತದೆ, ಸೊಪ್ಪು ತರಕಾರಿ ಅಲ್ಪವಾಗುತ್ತವೆ; ಗದ್ದೆಯಲ್ಲಿ ಬೆವರು ಸುರಿಸಿದ ದೇಹಕ್ಕೆ ಹೊಂದಿದ ಆ ಉಪ್ಪು ಮತ್ತು ಆ ಪ್ರಮಾಣ ಕುಳಿತು ದುಡಿಯುವ ದೇಹಕ್ಕೆ ಹೊಂದುವುದಿಲ್ಲ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಧಿಕ ತೂಕದವರು ಬಿಳಿ ಅಕ್ಕಿಯ ಬದಲು ತೌಡುಳ್ಳ ಅಕ್ಕಿ ಉಂಡಾಗ ರಕ್ತದ ಸಕ್ಕರೆಯ ಏರಿಕೆ ಸುಮಾರು 20% ತಗ್ಗಿತು, ಬೇಳೆಕಾಳು ಜೊತೆಗೂಡಿದಾಗ ಸುಮಾರು 23% ತಗ್ಗಿತು. ಇದು ಗಮನಾರ್ಹವಾದ ಲಾಭವೇ ಆದರೂ ಬಟ್ಟಲಿನ ಗಾತ್ರ ಇಮ್ಮಡಿಯಾದರೆ ಉಳಿಯುವಂಥದ್ದಲ್ಲ; ಕಾಳು ಕರಗುವಷ್ಟು ಬೇಯಿಸಿದ ಗಂಜಿಯಲ್ಲಿ ಪಿಷ್ಟ ಬೇಗ ಜೀರ್ಣವಾಗುವುದರಿಂದ ಅಲ್ಲಿ ಲಾಭ ಇನ್ನೂ ಕಿರಿದಾಗುತ್ತದೆ.

ಈ ಕೊರತೆಯನ್ನು ತುಂಬುವ ಪದಾರ್ಥ ಕರಾವಳಿಯ ಅಡುಗೆಯಲ್ಲಿಯೇ ಇದೆ, ಅದು ಹುರುಳಿ. ಅಕ್ಕಿಯ ಪ್ರೋಟೀನಿನಲ್ಲಿ ಕಡಿಮೆಯಿರುವ ಲೈಸೀನ್ ಎಂಬ ಅಮೈನೋ ಆಮ್ಲ ಹುರುಳಿಯಲ್ಲಿ ಧಾರಾಳವಾಗಿದೆ. ರಾತ್ರಿ ನೆನೆಸಿ ಬೇಯಿಸಿದ ಹುರುಳಿಯ ಕಟ್ಟನ್ನು ಮೆಣಸು, ಬೆಳ್ಳುಳ್ಳಿಯೊಡನೆ ಸಾರು ಮಾಡಿ, ಬೆಂದ ಕಾಳನ್ನು ತೆಂಗಿನತುರಿಯೊಡನೆ ಪಲ್ಯ ಮಾಡಿದರೆ ಒಂದೇ ಒಲೆಯಲ್ಲಿ ಎರಡು ಪದಾರ್ಥಗಳಾಗುತ್ತವೆ, ಉಪ್ಪಿನಕಾಯಿಯ ಅಗತ್ಯವೂ ತಾನಾಗಿ ಇಳಿಯುತ್ತದೆ. ಕಾಳು ಅರಳಿದ ಕೂಡಲೆ ಇಳಿಸಿದ ಕುಚ್ಚಲಕ್ಕಿ ಒಂದು ಪಾಲು, ಹುರುಳಿ ಮತ್ತು ಸೊಪ್ಪು ಸೇರಿ ಮತ್ತೊಂದು ಪಾಲು ಎಂಬ ಲೆಕ್ಕದಲ್ಲಿ ಬಡಿಸಿದ ಊಟವು ನಗರದ ಬ್ರೌನ್ ರೈಸ್ ಪಲಾವಿಗಿಂತ ಅಗ್ಗವೂ ರುಚಿಕರವೂ ಆಗಿರುತ್ತದೆ, ಅದನ್ನು ಮಾಡಲು ಬೇಕಾದ ಹೆಚ್ಚಿನ ಶ್ರಮವೆಂದರೆ ಹಿಂದಿನ ರಾತ್ರಿ ಹುರುಳಿಯನ್ನು ನೆನೆಹಾಕುವುದು ಮಾತ್ರ.