ಅಂಗಳವಿದ್ದವರ ಕಾರು

ವಿದ್ಯುತ್ ಕಾರು ಬೆಂಗಳೂರಿನವರಿಗೆ, ನಮಗಲ್ಲ ಎಂಬ ನಂಬಿಕೆ ಹುಮನಾಬಾದ್ ಸೀಮೆಯಲ್ಲಿ ಬೇರೂರಿದೆ. 2001ರಲ್ಲಿ ಬೆಂಗಳೂರಿನ ಚೇತನ್ ಮೈನಿ ಮಾರುಕಟ್ಟೆಗೆ ತಂದ ರೇವಾ ಕಾರನ್ನು ನೆನೆದರೆ ಅದು ತಪ್ಪೆನಿಸುವುದಿಲ್ಲ. ಸೀಸ-ಆಮ್ಲದ ಎಂಟು ಬ್ಯಾಟರಿ, ಒಂದು ಚಾರ್ಜಿಗೆ ಹೆಚ್ಚೆಂದರೆ 80 ಕಿ.ಮೀ. ಲಂಡನ್ ಬೀದಿಗಳಲ್ಲಿ ‘ಜಿ-ವಿಜ್’ ಎಂದು ಹೆಸರು ಮಾಡಿದ ಆ ಪುಟ್ಟ ಗಾಡಿಗೆ ಹುಮನಾಬಾದ್ ಬಳಿಯ ಹುಡಗಿ ಗ್ರಾಮದಿಂದ ಕಲಬುರಗಿಗೆ ಹೋಗಿ ಮರಳುವ ತ್ರಾಣವಿರಲಿಲ್ಲ.

ಲಿಥಿಯಂ ಬ್ಯಾಟರಿ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಗಿದೆ. 2020ರಲ್ಲಿ ಬಂದ ವಿದ್ಯುತ್ ಚಾಲಿತ ಟಾಟಾ ನೆಕ್ಸಾನ್‌ನ ಬ್ಯಾಟರಿ 30 ಯೂನಿಟ್ ಹಿಡಿಯುತ್ತಿತ್ತು. 312 ಕಿ.ಮೀ. ಎಂಬುದು ಪರೀಕ್ಷೆಯ ಅಂಕಿ. ರಸ್ತೆಯಲ್ಲಿ ಇನ್ನೂರರ ಆಸುಪಾಸು ಎಂದಿಟ್ಟುಕೊಳ್ಳಿ. ಹುಡಗಿಯವರ ದಿನದ ಓಡಾಟವೆಂದರೆ ಹುಮನಾಬಾದ್, ಬೀದರ್, ಬಸವಕಲ್ಯಾಣ, ಅಪರೂಪಕ್ಕೆ ಕಲಬುರಗಿ. ಎಲ್ಲವೂ ಇದರೊಳಗೇ ಮುಗಿಯುತ್ತದೆ. ಮುಖ್ಯವಾಗಿ, ರಾತ್ರಿಯಿಡೀ ಗಾಡಿಯನ್ನು ಚಾರ್ಜಿಗೆ ಹಾಕಲು ಬೇಕಾದದ್ದು ಸ್ವಂತ ಅಂಗಳ. ಬೆಂಗಳೂರಿನ ಬಹುಮಹಡಿ ಮನೆಯವರು ಒಂದು ಪ್ಲಗ್ಗಿಗಾಗಿ ಸಂಘದವರ ಒಪ್ಪಿಗೆ ಕಾಯಬೇಕು. ಹಳ್ಳಿಯ ಮನೆಗೆ ಆ ಕಾಟವಿಲ್ಲ. ಈ ಕಾರು ನಗರಕ್ಕಿಂತ ಹಳ್ಳಿಗೇ ಚೆನ್ನಾಗಿ ಹೊಂದುತ್ತದೆಂದು ನಾನು ಹೇಳುವುದು ಇದಕ್ಕೇ.

ಖರ್ಚು ನೋಡೋಣ. ನೂರು ಕಿ.ಮೀ.ಗೆ ಸುಮಾರು 15 ಯೂನಿಟ್ ಕರೆಂಟ್. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ನೂರೈದು ರೂಪಾಯಿ. ಲೀಟರಿಗೆ 18 ಕಿ.ಮೀ. ಓಡುವ ಪೆಟ್ರೋಲ್ ಕಾರಿಗೆ ಅದೇ ದೂರಕ್ಕೆ ಐನೂರೈವತ್ತು ದಾಟುತ್ತದೆ. ಆದರೆ ವಿದ್ಯುತ್ ಕಾರಿನ ಬೆಲೆಯೇ ಲಕ್ಷಗಳಷ್ಟು ಹೆಚ್ಚು. ತಿಂಗಳಿಗೆ ಎರಡು ಮೂರು ಸಲ ಗಾಡಿ ತೆಗೆಯುವವರಿಗೆ ಇದು ನಷ್ಟದ ವ್ಯಾಪಾರ. ದಿನವೂ ಓಡಿಸುವ ಶಿಕ್ಷಕರಿಗೆ, ವ್ಯಾಪಾರಿಗಳಿಗೆ, ಬಾಡಿಗೆ ಗಾಡಿಯವರಿಗೆ ಲಾಭ.

ಹೊಗೆಯೇ ಇಲ್ಲವೆಂಬ ಮಾರಾಟಗಾರರ ಮಾತು ಅರ್ಧಸತ್ಯ. ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟು ಬಂದ ಒಂದು ಯೂನಿಟ್ಟಿನ ಹಿಂದೆ ಸುಮಾರು ಒಂದು ಕಿಲೊ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಬರೀ ಅಂಥ ಕರೆಂಟಿನಲ್ಲಿ ಓಡಿದರೆ ಪೆಟ್ರೋಲ್ ಕಾರಿಗಿಂತ ದೊಡ್ಡ ಉಪಕಾರವೇನೂ ಆಗದು. ಉಪಕಾರ ಆಗುವುದು ಮಾಳಿಗೆಯ ಮೇಲೆ ಸೌರಫಲಕ ಕೂತಾಗ. ಮೂರು ಕಿಲೊವ್ಯಾಟ್ ಫಲಕ ಬೀದರ್ ಜಿಲ್ಲೆಯ ಬಿಸಿಲಿಗೆ ದಿನಕ್ಕೆ ಸರಾಸರಿ 12 ಯೂನಿಟ್ ಕೊಡುತ್ತದೆ, ಅಂದರೆ 80 ಕಿ.ಮೀ. ಓಟ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಹಾಯಧನವಿದೆ. ಅದೇ ಬಿಸಿಲು ಬ್ಯಾಟರಿಗೆ ಮಾತ್ರ ಶತ್ರು. ಏಪ್ರಿಲ್-ಮೇ ತಿಂಗಳಲ್ಲಿ ನೆರಳಿಲ್ಲದೆ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೇಗ ಸವೆಯುತ್ತದೆ.

ನನ್ನ ತಕರಾರು ಇರುವುದು ಕಾರಿನ ಮೇಲಲ್ಲ, ಹಾದಿಯ ಮೇಲೆ. ವಿದ್ಯುತ್ ವಾಹನಕ್ಕೆಂದೇ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ. ಅದು 2017ರ ಮಾತು. ಆದರೂ ಚಾರ್ಜಿಂಗ್ ಕೇಂದ್ರಗಳು ಬೆಂಗಳೂರಿನಲ್ಲೇ ಕಿಕ್ಕಿರಿದಿವೆ. ಹುಮನಾಬಾದ್ ಇರುವುದು ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲೆ. ಇಲ್ಲಿಂದ ಸೊಲ್ಲಾಪುರಕ್ಕೂ ಹೈದರಾಬಾದಿಗೂ ಸುಮಾರು 150 ಕಿ.ಮೀ. ಕಾರು ದಣಿದು ನಿಲ್ಲಬೇಕಾದ ಜಾಗವೇ ಇದು.

ಕೊಳ್ಳುವ ಮನಸ್ಸಿದ್ದವರು ಷೋರೂಮಿಗೆ ಹೋಗುವ ಮೊದಲು ವಿದ್ಯುತ್ ಕಂಪನಿ ಜೆಸ್ಕಾಂನ ಕಚೇರಿಗೆ ಹೋಗಿ ಮನೆಯ ಮಂಜೂರಾದ ಲೋಡ್ ಎಷ್ಟೆಂದು ಕೇಳಿ, ಬಲ್ಲ ಎಲೆಕ್ಟ್ರಿಷಿಯನ್ ಕೈಲಿ ಅರ್ಥಿಂಗ್ ಸರಿಮಾಡಿಸಿಕೊಳ್ಳಿ.