ದೇವಗಡದ ದೀಪ, ತೆಂಗಿನ ಎಣ್ಣೆ

ಕಾರವಾರದ ಎದುರಿಗಿರುವ ದೇವಗಡ ದ್ವೀಪದ ದೀಪಸ್ತಂಭದ ಚರಿತ್ರೆಯನ್ನು ಈ ವಾರ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಅಲ್ಲಿ ದೀಪ ಹೊತ್ತಿದ್ದು 1864ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಉತ್ತರ ಕನ್ನಡ ಮದ್ರಾಸಿನಿಂದ ಬಿಡಿಸಿಕೊಂಡು ಮುಂಬಯಿ ಪ್ರಾಂತ್ಯ ಸೇರಿತ್ತು. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿಯ ಬರ ಬಂದಿತ್ತು. ಧಾರವಾಡ ಸೀಮೆಯ ಅರಳೆಯನ್ನು ಘಟ್ಟ ಇಳಿಸಿ ಕಾರವಾರದಲ್ಲಿ ಹಡಗಿಗೇರಿಸಬೇಕೆಂದು ಆಗ ದೊಡ್ಡ ಲೆಕ್ಕಾಚಾರ ನಡೆದಿತ್ತು. 1880ರ ದಶಕದಲ್ಲಿ ರೈಲು ಮರ್ಮಗೋವೆಯ ದಾರಿ ಹಿಡಿಯಿತು, ಆ ಲೆಕ್ಕಾಚಾರ ಕುಸಿಯಿತು.

ಗೋಪುರದ ಎತ್ತರ ಅಳೆದು ದೀಪಸ್ತಂಭಗಳಿಗೆ ದರ್ಜೆ ಕೊಡುವವರ ಜೊತೆ ನನ್ನ ಜಗಳ ಹಳೆಯದು. ಅವರ ಪಟ್ಟಿಯಲ್ಲಿ ದೇವಗಡ ಎಂದೂ ಮೇಲೆ ಬರುವುದಿಲ್ಲ. ಹಡಗಿನವರಿಗೆ ಬೇಕಾದದ್ದು ಕಡಲ ಮಟ್ಟದಿಂದ ದೀಪ ಎಷ್ಟು ಮೇಲಿದೆ ಎಂಬುದು. ದ್ವೀಪದಲ್ಲಿ ಆ ಎತ್ತರವನ್ನು ಗುಡ್ಡವೇ ಕೊಡುತ್ತದೆ. ಅದಕ್ಕೂ ಒಂದು ಮಿತಿಯಿದೆ. ಭೂಮಿ ಬಾಗಿರುವುದರಿಂದ 16 ಮೀಟರ್ ಎತ್ತರದ ದೀಪಕ್ಕೆ ದಿಗಂತ ಸುಮಾರು 14 ಕಿ.ಮೀ., 64 ಮೀಟರಿನದಕ್ಕೆ 28. ನಾಲ್ಕು ಪಟ್ಟು ಏರಿದರೂ ದೂರ ಎರಡೇ ಪಟ್ಟು. ಅಷ್ಟು ದೂರ ಬೆಳಕು ಮುಟ್ಟಬೇಕಾದರೆ ಫ್ರೆನೆಲ್ ಮಸೂರ ಬೇಕು. ಆಕಾಶಕ್ಕೂ ನೆಲಕ್ಕೂ ಚೆಲ್ಲಿಹೋಗುವ ಬೆಳಕನ್ನು ಗಾಜಿನ ಬಳೆಗಳಿಂದ ಬಗ್ಗಿಸಿ ಕಡಲಿನತ್ತ ಕಳಿಸುವ ಈ ಮಸೂರ 1823ರಲ್ಲಿ ಫ್ರಾನ್ಸಿನ ಕೋರ್ದುವಾನ್ ದೀಪಸ್ತಂಭದಲ್ಲಿ ಮೊದಲು ಕೂತಿತು. ಅಂದಿನಿಂದ ದೀಪಸ್ತಂಭದ ಜೀವ ಗಾಜಿನಲ್ಲಿದೆ, ಕಲ್ಲಿನಲ್ಲಿಲ್ಲ.

ಗಾಜಿನ ನಡುವೆ ಉರಿದದ್ದೇನು? ತೆಂಗಿನ ಸೀಮೆಯಾದ ತಿಪಟೂರು ಕಡೆಯ ಬಿಳಿಗೆರೆಯವನಾಗಿ ನಾನು ಇದನ್ನು ಬಿಟ್ಟು ಮುಂದೆ ಹೋಗಲಾರೆ. 1796ರಲ್ಲಿ ಮದ್ರಾಸಿನ ಕೋಟೆಯೊಳಗೆ ಹಚ್ಚಿದ್ದು ತೆಂಗಿನೆಣ್ಣೆಯ ದೀಪ. 1862ರಲ್ಲಿ ಆಲಪ್ಪುಳದಲ್ಲೂ ಅದೇ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಪುಷ್ಯದ ಬೆಳಗ್ಗೆ ನಮ್ಮ ತಿಪಟೂರು ಕಡೆ ಬಾಟಲಿಯನ್ನು ಬಿಸಿಲಿಗಿಡದೆ ತಲೆಗೆ ಎಣ್ಣೆಯಿಲ್ಲ. ಸೆಕೆಯ ಕರಾವಳಿಯಲ್ಲಿ ಆ ಕಾಟ ಕಡಿಮೆ, ಬತ್ತಿ ಎಣ್ಣೆ ಹೀರುತ್ತಲೇ ಇರುತ್ತದೆ. ಸೀಮೆಎಣ್ಣೆ ಬಂದು ಅದನ್ನು ಮೂಲೆಗೆ ತಳ್ಳಿತು.

ದೀಪಸ್ತಂಭಗಳಿಗೆ ತೆಂಗಿನೆಣ್ಣೆ ಉಣಿಸಿದ ಹೆಮ್ಮೆಯಲ್ಲಿ ನಮ್ಮ ಸೀಮೆಗೆ ಪಾಲು ಕೇಳುವುದು ತಪ್ಪು. ಎಣ್ಣೆಗೆ ಹೋಗುವುದು ಕಾಯಿ ಒಡೆದು ಬಿಸಿಲಿಗೆ ಹರವಿದ ಕೊಬ್ಬರಿ, ಕೇರಳದವರ ಕಸುಬು. ನಮ್ಮದು ಉಂಡೆ ಕೊಬ್ಬರಿ. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು, ಒಳಗಿನ ನೀರು ಇಂಗಿ, ಕರಟ ಬಿಟ್ಟುಕೊಂಡು ಗಲಗಲ ಅನ್ನುವವರೆಗೆ ಕಾಯಬೇಕು. ಅದು ತಿನ್ನುವುದಕ್ಕೆ, ಗಾಣಕ್ಕೆ ಹಾಕಿದರೆ ನಷ್ಟ.